ಕಡಲ್ಕೊರೆತ ತಡೆಯುವ ಕಲ್ಲುಗೋಡೆ: ಬುಡ ಭದ್ರವಾಗಿರಲಿ

ದಕ್ಷಿಣ ಕನ್ನಡದ ಉಳ್ಳಾಲದಂಥ ಕಡೆಗಳಲ್ಲಿ ಮಳೆಗಾಲದ ಅಲೆಗಳು ಮನೆ, ರಸ್ತೆ, ತೆಂಗಿನ ಮರಗಳನ್ನು ಕಬಳಿಸುತ್ತವೆ. ಇದನ್ನು ತಡೆಯಲು ದಡದುದ್ದಕ್ಕೂ ಬಂಡೆಗಲ್ಲು ಸುರಿಯುವುದು ರೂಢಿ. ಆದರೆ ಕ್ರಮವಿಲ್ಲದೆ ಸುರಿದ ಕಲ್ಲು ಮರಳಿನಲ್ಲಿ ಹುದುಗಿಹೋಗುತ್ತದೆ. ಹಿಂದೆ ಸರಿಯುವ ಅಲೆಯು ಕಲ್ಲುಸಂದಿಗಳಿಂದ ಮರಳನ್ನು ಎಳೆದೊಯ್ಯುವುದೇ ಇದಕ್ಕೆ ಮುಖ್ಯ ಕಾರಣ.

ಗೋಡೆ ಬಾಳಿಕೆ ಬರಲು ಈ ಅಂಶಗಳನ್ನು ಗಮನಿಸಬೇಕು:

1. ಸೋಸು ಪದರ: ಮರಳಿನ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ಅದರ ಮೇಲೆ ಸಣ್ಣ ಕಲ್ಲು, ಕೊನೆಗೆ ದೊಡ್ಡ ಬಂಡೆಗಳನ್ನು ಎರಡು ಪದರವಾಗಿ ಜೋಡಿಸಬೇಕು. ನೀರು ಹೊರಬರಬೇಕು, ಮರಳು ಒಳಗೇ ಉಳಿಯಬೇಕು.

2. ಇಳಿಜಾರು: 1 ಅಡಿ ಎತ್ತರಕ್ಕೆ 2 ಅಡಿ ಅಗಲದ ಇಳಿಜಾರು ಕೊಟ್ಟರೆ, ನೇರ ಗೋಡೆಗಿಂತ ಚೆನ್ನಾಗಿ ಅಲೆಯ ಹೊಡೆತ ತಗ್ಗುತ್ತದೆ.

3. ಕಲ್ಲಿನ ತೂಕ: ಅದೇ ಇಳಿಜಾರಿನಲ್ಲಿ ಅಲೆಯ ಎತ್ತರ ಇಮ್ಮಡಿಯಾದರೆ 8 ಪಟ್ಟು ತೂಕದ ಕಲ್ಲು ಬೇಕು.

4. ಬುಡ: ಮಳೆಗಾಲದಲ್ಲಿ ಮರಳು ಕೊರೆಯುವ ಆಳಕ್ಕಿಂತ ಕೆಳಗೆ ಬುಡದ ಕಲ್ಲನ್ನು ಕೂರಿಸಬೇಕು.

ಗೋಡೆ ಮುಗಿಯುವ ತುದಿಯಲ್ಲಿ ಕೊರೆತ ಹೆಚ್ಚಿ, ಪಕ್ಕದವರ ತೋಟಕ್ಕೆ ಹಾನಿಯಾಗುತ್ತದೆ. ಆದುದರಿಂದ ಒಬ್ಬೊಬ್ಬರೇ ಕಟ್ಟದೆ ಊರವರೆಲ್ಲ ಸೇರಿ, ಅನುಭವಿ ಇಂಜಿನಿಯರರ ಸಲಹೆ ಹಾಗೂ ಕರಾವಳಿ ನಿಯಂತ್ರಣ ವಲಯದ ಅನುಮತಿ ಪಡೆದು ಕೆಲಸ ಕೈಗೊಳ್ಳುವುದು ಒಳಿತು. ಕೊರೆತ ಕಡಿಮೆಯಿರುವಲ್ಲಿ ಮರಳುದಿಬ್ಬವನ್ನು ಅಗೆಯದೆ, ಅಡುಂಬು ಬಳ್ಳಿಯನ್ನು ಹಬ್ಬಲು ಬಿಟ್ಟರೆ ಗೋಡೆಯ ಖರ್ಚೇ ಉಳಿಯಬಹುದು.