ಗೋಧಿಯ ಕಾಳಿನಲ್ಲಿ ಸತು



ಹಿಂಗಾರಿನ ಗೋಧಿಗೆ ಹಾಕಿದ ಗೊಬ್ಬರವನ್ನು ನಾವೆಲ್ಲ ಚೀಲದ ಲೆಕ್ಕದಲ್ಲೇ ಅಳೆಯುತ್ತೇವೆ. ಕಾಳಿನ ಒಳಗೆ ಏನಿದೆ ಎಂದು ಕೇಳುವವರು ಕಡಿಮೆ. ಈ ಸಲ ಸತುವಿನ ವಿಷಯ ನೋಡೋಣ. ಅಂಗಡಿಯಲ್ಲಿ ಅದನ್ನೇ ಜಿಂಕ್ ಎನ್ನುತ್ತಾರೆ.

ಬಿಹಾರದಲ್ಲಿ ಹುಟ್ಟಿದ ವೈದ್ಯ ಆನಂದ ಪ್ರಸಾದ್ ಅವರು ಇರಾನಿನ ಶಿರಾಜ್‌ನಲ್ಲಿದ್ದಾಗ 21 ವರ್ಷದ ಒಬ್ಬ ರೋಗಿ ಅವರ ಬಳಿ ಬಂದ. ನೋಡಲು ಹತ್ತು ವರ್ಷದ ಹುಡುಗನಂತಿದ್ದ. ಅವನ ಊಟವೆಂದರೆ ಹೆಚ್ಚಾಗಿ ಹುದುಗು ಬರಿಸದ ಗೋಧಿ ರೊಟ್ಟಿ. ಇಂಥ ರೋಗಿಗಳ ವಿಷಯವನ್ನು ಪ್ರಸಾದ್ 1961ರಲ್ಲಿ ಪ್ರಕಟಿಸಿದರು. ಮುಂದೆ ಈಜಿಪ್ಟಿನಲ್ಲಿ ಇಂಥದೇ ಯುವಕರಿಗೆ ಸತು ಕೊಟ್ಟಾಗ ಅವರು ಬೆಳೆದರು. ಗೋಧಿಯ ಹೊಟ್ಟಿನಲ್ಲಿರುವ ಫೈಟೇಟ್ ಎಂಬ ವಸ್ತು ಸತುವನ್ನು ಹಿಡಿದಿಟ್ಟು ದೇಹಕ್ಕೆ ದಕ್ಕದಂತೆ ಮಾಡುತ್ತದೆ. ನಮ್ಮ ಚಪಾತಿಯೂ ಹುದುಗು ಬರಿಸದ್ದೇ. ಹಾಗೆಂದು ಮೈದಾಕ್ಕೆ ಓಡಬೇಡಿ. ಹೊಟ್ಟಿನೊಡನೆ ಸತುವೂ ಹೋಗಿಬಿಡುತ್ತದೆ. ಕಾಳಿನಲ್ಲೇ ಸತು ಹೆಚ್ಚುವಂತೆ ಮಾಡುವುದು ಒಳ್ಳೆಯ ದಾರಿ.

ಜತ್, ಅಕ್ಕಲಕೋಟೆ ಕಡೆಯ ಎರೆಭೂಮಿಯಲ್ಲಿ ಸುಣ್ಣದ ಅಂಶ ಹೆಚ್ಚು, ಮಣ್ಣು ಕ್ಷಾರ. ಅಂಥ ಮಣ್ಣಿನಲ್ಲಿ ಸತುವಿದ್ದರೂ ಬೇರಿಗೆ ಸುಲಭವಾಗಿ ಸಿಗದು. ತುರ್ಕಿಯ ಮಧ್ಯ ಅನಟೋಲಿಯದ ಗೋಧಿಹೊಲಗಳದ್ದೂ ಇದೇ ಕಥೆ. ಅಲ್ಲಿನ ವಿಜ್ಞಾನಿ ಇಸ್ಮಾಯಿಲ್ ಚಕ್ಮಕ್ ಮತ್ತು ಸಂಗಡಿಗರು ಮಣ್ಣಿಗೆ ಸತು ಹಾಕಿ ಇಳುವರಿ ಹೆಚ್ಚಿಸಿ ತೋರಿಸಿದರು. ಆದರೆ ಕಾಳಿನೊಳಗಿನ ಸತುವಿಗೆ ಎಲೆಯ ಮೇಲಿನ ಸಿಂಪಡಣೆಯೇ ಮೇಲು. ಭಾರತವೂ ಸೇರಿ ಏಳು ದೇಶಗಳಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕಿಲೋ ಕಾಳಿಗೆ ಸರಾಸರಿ 27 ಮಿಲಿಗ್ರಾಂ ಇದ್ದ ಸತು, ಸಿಂಪಡಣೆಯಿಂದ 48ಕ್ಕೆ ಏರಿತು.

ಮಣ್ಣು ಪರೀಕ್ಷೆಯಲ್ಲಿ ಕೊರತೆ ಕಂಡರೆ ಬಿತ್ತನೆಗೆ ಮುಂಚೆ ಎಕರೆಗೆ 10 ಕಿಲೋ ಸತುವಿನ ಸಲ್ಫೇಟ್ ಹಾಕಿರಿ. ಡಿಎಪಿಯೊಡನೆ ಮಾತ್ರ ಬೆರೆಸಬೇಡಿ. ರಂಜಕ ಮತ್ತು ಸತು ಒಂದನ್ನೊಂದು ಕಟ್ಟಿಹಾಕುತ್ತವೆ. ಸಿಂಪಡಿಸಲು ಲೀಟರ್ ನೀರಿಗೆ 5 ಗ್ರಾಂ ಸತುವಿನ ಸಲ್ಫೇಟ್, ಎಲೆ ಸುಡದಂತೆ 2.5 ಗ್ರಾಂ ಸುಣ್ಣದ ತಿಳಿ ಸೇರಿಸಿ ಸೋಸಿಕೊಳ್ಳಿ. ತೆನೆ ಹೊರಬರುವ ಮುಂಚೆ ಒಮ್ಮೆ, ಕಾಳಿಗೆ ಹಾಲು ತುಂಬುವಾಗ ಇನ್ನೊಮ್ಮೆ, ಗಾಳಿಯಿಲ್ಲದ ಸಂಜೆಯಲ್ಲಿ ಹೊಡೆಯಿರಿ. ಎರಡನೆಯದನ್ನು ಬಿಡಬೇಡಿ, ಕಾಳಿಗೆ ಹೆಚ್ಚು ಸತು ತಲುಪಿಸುವುದು ಅದೇ. ಸಾರಜನಕದ ಕೊರತೆಯೂ ಇರಬಾರದು.

ಅಡತಿಯಲ್ಲಿ ಸತುವನ್ನು ಯಾರೂ ತೂಗುವುದಿಲ್ಲ, ದರವೂ ಹೆಚ್ಚದು. ಆದ್ದರಿಂದ ಮನೆಯೂಟಕ್ಕೆ ಇಟ್ಟುಕೊಳ್ಳುವ ತುಂಡಿಗಾದರೂ ಸಿಂಪಡಿಸಿರಿ ಎಂಬುದೇ ನಮ್ಮ ಸಲಹೆ. ಬೀಜ ಬದಲಿಸುವವರು ಪುಣೆಯ ಆಘಾರ್ಕರ್ ಸಂಶೋಧನಾ ಸಂಸ್ಥೆಯ ಎಂಎಸಿಎಸ್ 4028 ತಳಿಯನ್ನು ವಿಚಾರಿಸಬಹುದು. ಮಳೆಯಾಶ್ರಯಕ್ಕೆಂದೇ ಬೆಳೆಸಿದ ಈ ಗೋಧಿಯಲ್ಲಿ ಸತು ಕಿಲೋಗೆ 40 ಮಿಲಿಗ್ರಾಂ ದಾಟುತ್ತದೆ.

ತಾಯಂದಿರಿಗೆ ಇನ್ನೊಂದು ಮಾತು. ಮಗುವಿಗೆ ಭೇದಿಯಾದಾಗ ಓಆರ್‌ಎಸ್ ಜೊತೆಗೆ ಸತುವಿನ ಮಾತ್ರೆಯನ್ನೂ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2004ರಲ್ಲೇ ಹೇಳಿವೆ: ದಿನಕ್ಕೆ 20 ಮಿಲಿಗ್ರಾಂ, ಆರು ತಿಂಗಳೊಳಗಿನ ಕೂಸಿಗೆ 10, ಹೀಗೆ 10ರಿಂದ 14 ದಿನ. ಭೇದಿ ನಿಂತಿತೆಂದು ಮಾತ್ರೆಯನ್ನು ನಡುವೆ ನಿಲ್ಲಿಸಬೇಡಿ. ಆರೋಗ್ಯ ಕೇಂದ್ರದ ದಾದಿಯನ್ನು ಕೇಳಿ ಪಡೆಯಿರಿ.