ಒಂದು ಶಾಫ್ಟು, ₹17,800

ನಮ್ಮ ಹಳೇ ಮಹೀಂದ್ರ ಎಫ್‌ಸಿ ಪಿಕಪ್‌ಗೆ ಪ್ರೊಪೆಲ್ಲರ್ ಶಾಫ್ಟ್ ಕೂರಿಸಲು ಮೂರು ವರ್ಷದ ಹಿಂದೆ ನಾನು ₹17,800 ಕೊಟ್ಟೆ. ಅಂದಿನಿಂದ ಮದುವೆ, ಗೃಹಪ್ರವೇಶ, ತಿಥಿ, ಎಲ್ಲೇ ಸೇರಲಿ, ಭಾವ ಆ ಮಾತು ತೆಗೆಯದೆ ಊಟದೆಲೆ ಬಿಟ್ಟು ಎದ್ದದ್ದಿಲ್ಲ. "ಅಲ್ಲಾ ಮಾರಾಯ, ಒಂದು ಕಬ್ಬಿಣದ ಕೊಳವೆಗೆ ಹದಿನೆಂಟು ಸಾವಿರವಾ? ಅದರೊಳಗೆ ಬೆಳ್ಳಿ ಏನಾದ್ರೂ ತುಂಬಿಸಿದ್ರಾ?"

ಅವರದೂ ಎಫ್‌ಸಿಯೇ. ಇಬ್ಬರ ಗಾಡಿಗೂ ಹಾಸನದ ಒಂದೇ ಗ್ಯಾರೇಜಿನಲ್ಲಿ ಬೊಲೆರೊ ಡೀಸೆಲ್ ಇಂಜಿನ್, ಫೈವ್ ಸ್ಪೀಡ್ ಗೇರ್‌ಬಾಕ್ಸ್ ಬಿತ್ತು. ಶಾಫ್ಟಿನ ಹತ್ತಿರ ಬಂದಾಗ ದಾರಿ ಬೇರೆಯಾಯಿತು. ಹಳೇ ಶಾಫ್ಟನ್ನೇ ಕತ್ತರಿಸಿ ವೆಲ್ಡ್ ಮಾಡಿಸಿ ಭಾವ ₹4,800ಕ್ಕೆ ಕೆಲಸ ಮುಗಿಸಿಕೊಂಡರು. ನಾನು ಬೆಂಗಳೂರಿಗೆ ಅಳತೆ ಕಳಿಸಿ, ಹೊಸ ಟ್ಯೂಬು, ಎರಡು ತುದಿಯ ಕೀಲಿಗೆ ಹೊಸ ಕ್ರಾಸು ಹಾಕಿಸಿ, ಬ್ಯಾಲೆನ್ಸ್ ಮಾಡಿಸಿ ತರಿಸಿದೆ. ಶಾಫ್ಟಿಗೆ ಜಿಎಸ್‌ಟಿ ಸೇರಿ ₹15,000, ಇಂಜಿನ್ ಮೌಂಟ್ ಸರಿಸಿದ ಗ್ಯಾರೇಜಿನವರಿಗೆ ₹2,800. ಈಗ ಎರಡೂ ಗಾಡಿಗಳ ಮೂರು ವರ್ಷದ ಬಿಲ್ಲು ನನ್ನ ಮುಂದಿವೆ. ಭಾವನದು ಅಕ್ಕನ ಹತ್ತಿರ ಇಸಕೊಂಡಿದ್ದು. ಆ ಮನೆಯಲ್ಲಿ ಚೀಟಿ ಜೋಪಾನ ಮಾಡುವವಳು ಅವಳೊಬ್ಬಳೇ.

ಅಳತೆಗೆ ಅಷ್ಟೊಂದು ತಲೆ ಕೆಡಿಸಿಕೊಂಡದ್ದಕ್ಕೆ ಕಾರಣ ಗಾಡಿಯ ಜಾತಿ. ಎಫ್‌ಸಿಯಲ್ಲಿ ಡ್ರೈವರ್ ಕೂರುವುದು ಇಂಜಿನ್ನಿನ ಪಕ್ಕದಲ್ಲೇ, ಮೂತಿ ಇಲ್ಲದ ಜೀಪು. ಇದರ ಮೂಲವಾಗಿ ವಿಲ್ಲಿಸ್‌ನವರು 1956ರ ಕೊನೆಗೆ ಅಮೆರಿಕದಲ್ಲಿ ಹೊರತಂದ ಎಫ್‌ಸಿ-150ರ ವೀಲ್‌ಬೇಸ್ ಬರೀ 81 ಇಂಚು. ಇಂಥ ಗಿಡ್ಡ ಗಾಡಿಗೆ ಉದ್ದದ ಹೊಸ ಗೇರ್‌ಬಾಕ್ಸ್ ಕೂರಿಸಿದರೆ ಹಿಂದಿನ ಶಾಫ್ಟಿಗೆ ಉಳಿಯುವುದು ಎರಡಡಿ ಜಾಗ. ಜಾಗ ಕಮ್ಮಿಯಾದಷ್ಟೂ ಶಾಫ್ಟು ವಾರೆಯಾಗುತ್ತದೆ. ಸಾಲದ್ದಕ್ಕೆ, ಹಳೇ ಜೀಪಿನ ಹಿಂದಿನ ಆಕ್ಸಲ್ ಹೌಸಿಂಗ್‌ನ ಗುಂಡು ಬಲಕ್ಕೆ ಸರಿದಿರುತ್ತದೆ, ಬೊಲೆರೊ ಗೇರ್‌ಬಾಕ್ಸಿನ ಬಾಲ ನಡುವೆ. ನನ್ನದರಲ್ಲಿ ಕೆಳಮುಖವಾಗಿ 5 ಡಿಗ್ರಿ, ಬದಿಗೆ 6 ಡಿಗ್ರಿ ಇತ್ತು. ಅದನ್ನು ಕೂಡಿ 11 ಅನ್ನಬಾರದು, ಎರಡರ ವರ್ಗ ಕೂಡಿ ಮೂಲ ತೆಗೆಯಬೇಕು: 7.8. ವೇಗದಲ್ಲಿ ಓಡುವ ಕ್ರಾಸಿಗೆ 3 ಡಿಗ್ರಿಯೊಳಗೆ ಇದ್ದರೆ ಕ್ಷೇಮ, ಎರಡು ತುದಿಯ ವ್ಯತ್ಯಾಸ ಒಂದು ಡಿಗ್ರಿ ಮೀರಬಾರದು. ಇಂಜಿನ್ ಎರಡಿಂಚು ಬಲಕ್ಕೆ ಸರಿಸಿದ ಮೇಲೆ ನನ್ನದು ಐದಕ್ಕೆ ಇಳಿಯಿತು. ಮೂರಕ್ಕೆ ಬರಲಿಲ್ಲ, ಇಷ್ಟು ಗಿಡ್ಡ ಗಾಡಿಯಲ್ಲಿ ಬರುವುದೂ ಇಲ್ಲ. ಆದರೆ ಎರಡೂ ತುದಿ ಸಮ ಬಂದವು. 5.38ರ ಕ್ರೌನ್ ಅನುಪಾತ ಇರುವ ಗಾಡಿ ಗಂಟೆಗೆ 60 ಕಿ.ಮೀ. ಓಡುವಾಗ ಶಾಫ್ಟು ನಿಮಿಷಕ್ಕೆ ಸುಮಾರು 2,300 ಸುತ್ತು ತಿರುಗುತ್ತದೆ. ಅಳತೆ ತಪ್ಪಿದ್ದರೆ ಅಷ್ಟೂ ಸುತ್ತಿನಲ್ಲಿ ಅದು ಕ್ರಾಸನ್ನು, ಸೀಲನ್ನು, ಬುಷ್ಷನ್ನು ತಿನ್ನುತ್ತಿರುತ್ತದೆ.

ಈಗ ದುಡ್ಡಿನ ಮಾತು. ಭಾವನ ಗಾಡಿಗೆ ಮೂರು ವರ್ಷದಲ್ಲಿ ಮೂರು ಸಲ ಕ್ರಾಸ್ ಬದಲಾಯಿತು. ಜೋಡಿಗೆ ₹1,500, ಕೂಲಿ ₹700. ಅಲ್ಲಿಗೆ ₹6,600. ಹೌಸಿಂಗ್ ಪಿನಿಯನ್ ಸೀಲು, ಆಯಿಲ್ ಎರಡು ಸಲ: ₹3,600. ಗೇರ್‌ಬಾಕ್ಸ್ ಇಳಿಸಿ ಬಾಲದ ಬುಷ್ ಹಾಕಿಸಿದ್ದು ₹7,500. ಶಿರಾಡಿ ಘಾಟಿಯಲ್ಲಿ ನಿಂತಾಗ ಎಳೆದು ತಂದವರಿಗೆ ₹5,500. ಒಟ್ಟು ₹23,200. ನನ್ನದಕ್ಕೆ ಆದದ್ದು ಒಂದು ಜೋಡಿ ಕ್ರಾಸಿನ ₹2,200. ಮೊದಲಿನ ಖರ್ಚು ಸೇರಿಸಿದರೆ ಅವರದು ₹28,000, ನನ್ನದು ₹20,000.

ಇಲ್ಲಿಗೇ ನಿಲ್ಲಿಸಿದರೆ ಭಾವ ಒಪ್ಪುವ ಪೈಕಿ ಅಲ್ಲ. "ನನ್ನ ಹದಿಮೂರು ಸಾವಿರ ಬ್ಯಾಂಕಲ್ಲಿತ್ತಲ್ಲ?" ನ್ಯಾಯವಾದ ಪ್ರಶ್ನೆ. ಶೇ 7ರ ಎಫ್‌ಡಿಯಲ್ಲಿ, ವರ್ಷಕ್ಕೊಮ್ಮೆ ಚಕ್ರಬಡ್ಡಿ ಹಿಡಿದರೆ, ₹13,000 ಮೂರು ವರ್ಷಕ್ಕೆ ಸುಮಾರು ₹15,900. ಬಡ್ಡಿ ₹2,900. ರಿಪೇರಿಗೆ ನಡುನಡುವೆ ತೆಗೆದದ್ದನ್ನು ನಾನು ಕಳೆದಿಲ್ಲ, ಪೂರ್ತಿ ಅವರ ಲೆಕ್ಕಕ್ಕೇ ಬಿಟ್ಟಿದ್ದೇನೆ. ಆದರೂ ₹5,100ರಷ್ಟು ನನ್ನ ಕಡೆ ಉಳಿಯುತ್ತದೆ.

ಇನ್ನೊಂದು ಮಗ್ಗುಲಿಂದ ನೋಡೋಣ. ಇಬ್ಬರ ಗಾಡಿಯೂ ಮೂರು ವರ್ಷದಲ್ಲಿ ಹೆಚ್ಚುಕಮ್ಮಿ 18,000 ಕಿ.ಮೀ. ಓಡಿವೆ. ರಿಪೇರಿಯ ವ್ಯತ್ಯಾಸ ₹21,000, ಅಂದರೆ ಕಿಲೋಮೀಟರಿಗೆ ₹1.17. ಬಡ್ಡಿ ಸೇರಿ ಮುಂಚೆ ಹೆಚ್ಚು ಸುರಿದ ₹15,900 ವಾಪಸ್ ಹುಟ್ಟಬೇಕಾದರೆ ಗಾಡಿ 13,600 ಕಿ.ಮೀ. ಓಡಬೇಕು. ಗೊಬ್ಬರ, ಕಾಫಿ, ಮೆಣಸು ಹೇರುವ ಗಾಡಿಗೆ ಅದು ಎರಡೂಕಾಲು ವರ್ಷದ ಓಟ. ತೊಳೆದು ಒರೆಸಿ ವರ್ಷಕ್ಕೆ ಸಾವಿರ ಕಿ.ಮೀ. ಓಡಿಸುವ ಶೋಕಿ ಗಾಡಿಗೆ ಹದಿಮೂರು ವರ್ಷ ದಾಟುತ್ತದೆ. ಅಂಥವರ ಮಟ್ಟಿಗೆ ಭಾವನ ಲೆಕ್ಕವೇ ಗೆಲ್ಲಬಹುದು, ಮುಚ್ಚಿಡುವುದೇನಿದೆ.

ಆದರೆ ಸ್ಪೇಸರ್ ವಿಷಯದಲ್ಲಿ ನನಗೆ ತಾಳ್ಮೆಯಿಲ್ಲ. ಭಾವನ ಶಾಫ್ಟು ವೆಲ್ಡ್ ಆದ ಮೇಲೆ ಒಂದಿಂಚು ಗಿಡ್ಡ ಬಂತು. "ಒಂದು ಬಿಲ್ಲೆ ಕೊಟ್ರೆ ಕೂತ್ಕೊಳ್ತದೆ" ಅಂತ ಫ್ಲ್ಯಾಂಜ್ ನಡುವೆ ಕಬ್ಬಿಣದ ಬಿಲ್ಲೆ ತುರುಕಿ ಉದ್ದದ ಬೋಲ್ಟ್ ಬಿಗಿದರು. ₹900ರ ಈ ಬಿಲ್ಲೆಯನ್ನು 'ಕಿಟ್' ಅಂತ ಡಬ್ಬಿಯಲ್ಲಿಟ್ಟು ಮಾರುವವರೂ ಇದ್ದಾರೆ. ಅದು ಒಂದಿಂಚು ತುಂಬುತ್ತದೆ, ಅಷ್ಟೇ. ನಾಲ್ಕು ಬೋಲ್ಟಿನ ಮೇಲೆ ಬೀಳುವ ಹೊಡೆತ ಹೆಚ್ಚುತ್ತದೆ, ವಾರೆ ಹಾಗೇ ಇರುತ್ತದೆ, ಬ್ಯಾಲೆನ್ಸ್ ಅಂತೂ ಕೇಳುವುದೇ ಬೇಡ. ಮೊದಲ ಸಲ ಆ ಕ್ರಾಸ್ ಬಿಚ್ಚಿದಾಗ ನಾನೂ ಅಲ್ಲಿದ್ದೆ. ಬಟ್ಟಲಿನಲ್ಲಿ ಗ್ರೀಸ್ ಇರಬೇಕಾದ ಕಡೆ ಕಂದು ಪುಡಿ. ಸೂಜಿ ಬೇರಿಂಗ್ ಕೂರುವ ಕಾಲಿನ ಮೇಲೆ ಉಗುರಿಗೆ ಸಿಕ್ಕುವಷ್ಟು ಗೀರು. ಟ್ಯೂಬನ್ನು ನೆಲಕ್ಕಿಟ್ಟು ನೋಡಿದರೆ ಎರಡು ತುದಿಯಲ್ಲಿ ಕ್ರಾಸ್ ಹಿಡಿಯುವ ಯೋಕ್ ಒಂದೇ ಸಾಲಿನಲ್ಲಿಲ್ಲ, ವೆಲ್ಡ್ ಮಾಡುವಾಗಲೇ ಬೆರಳಗಲ ತಿರುಗಿಬಿಟ್ಟಿದೆ. ಹಾಗಾದರೆ ಒಂದು ತುದಿ ಹುಟ್ಟಿಸಿದ ಅದುರನ್ನು ಇನ್ನೊಂದು ತುದಿ ನುಂಗುವುದಿಲ್ಲ, ಪ್ರತಿ ಸುತ್ತಿನಲ್ಲೂ ಎರಡು ಸಲ ಒದೆಯುತ್ತದೆ.

ಕಾಗದಪತ್ರದ ಖರ್ಚನ್ನೂ ಮರೆಯಬೇಡಿ. ಇಂಜಿನ್ ಬದಲಾಯಿಸಲು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಟಿಒ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ನಮೂದಾಗಬೇಕು, ಇನ್ಶೂರೆನ್ಸ್‌ನವರಿಗೂ ತಿಳಿಸಿರಬೇಕು. ಇಲ್ಲದಿದ್ದರೆ ಕ್ಲೇಮ್ ದಿನ ಕೈ ಹಿಸುಕಿಕೊಳ್ಳಬೇಕಾದೀತು. 50 ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ಬಂದ 'ವಿಎ' ವಿಂಟೇಜ್ ನಂಬರಿನ ಆಸೆ ಕೆಲವರಿಗಿದೆ, ಹೊಸ ನೋಂದಣಿಗೆ ₹20,000. ಚಾಸಿ, ಇಂಜಿನ್ ಹೀಗೆಲ್ಲ ಬದಲಾಯಿಸಿದ ಗಾಡಿಗೆ ಅದು ಸಿಗುವಂಥದ್ದಲ್ಲ.

ಲೆಕ್ಕ ಹೇಳುತ್ತ ಉಪದೇಶಕ್ಕೆ ಇಳಿಯುತ್ತಿದ್ದೇನೆ ಅನಿಸಿದರೂ ಇದನ್ನು ಹೇಳಲೇಬೇಕು. ಹಳೇ ಗಾಡಿ ಕಟ್ಟುವವರು ದುಡ್ಡು ಕಳೆದುಕೊಳ್ಳುವುದು ಹೆಚ್ಚಾಗಿ ಅವಸರದಲ್ಲಿ. ಪೇಂಟಿಗೆ, ಅಲಾಯ್ ವೀಲಿಗೆ ಮೊದಲೇ ಸುರಿದು, ಕಣ್ಣಿಗೆ ಕಾಣದ ಶಾಫ್ಟಿನ ಹತ್ತಿರ ಬರುವಾಗ ಜೇಬು ಖಾಲಿ. ಆಗ ಕತ್ತರಿಸು, ವೆಲ್ಡ್ ಮಾಡು, ಬಿಲ್ಲೆ ಕೊಡು. ಗಾಡಿಯ ದುಡ್ಡಿಗೆ ಬೇರೆ ಉಳಿತಾಯ ಖಾತೆ ಇಡಿ, ಒಟ್ಟು ಅಂದಾಜಿನ ಹತ್ತನೇ ಒಂದು ಪಾಲನ್ನು ಕೊನೆಯವರೆಗೂ ಮುಟ್ಟಬೇಡಿ. ಬಿಲ್ಲಿಲ್ಲದೆ ಅಗ್ಗಕ್ಕೆ ಮಾಡಿಕೊಡುತ್ತೇವೆ ಅಂದರೆ ಬೇಡ ಅನ್ನಿ. ಶಾಫ್ಟು ಅದುರಿದಾಗ ವಾಪಸ್ ಒಯ್ಯಲು ನಿಮ್ಮ ಕೈಯಲ್ಲಿರುವುದು ಆ ಬಿಲ್ಲೊಂದೇ. ಆಫರ್ ಇದೆ ಎಂದು ಶಾಫ್ಟನ್ನು ಮೊದಲೇ ಕೊಂಡಿಡುವುದಂತೂ ಕೂಡದು. ಇಂಜಿನ್, ಗೇರ್‌ಬಾಕ್ಸ್, ಹೌಸಿಂಗ್ ಮೂರೂ ಕೂತು ಬೋಲ್ಟ್ ಬಿಗಿದಾದ ಮೇಲೆ ಆರ್ಡರ್ ಕೊಡಬೇಕಾದ ಸಾಮಾನು ಅದು.

ಅಳತೆ ಹಿಡಿಯುವಾಗ ಗಾಡಿ ಜ್ಯಾಕಿನ ಮೇಲಲ್ಲ, ನಾಲ್ಕು ಗಾಲಿಯ ಮೇಲೆ ನಿಂತಿರಬೇಕು. ಕ್ರಾಸಿನ ನಡುವಿನಿಂದ ಕ್ರಾಸಿನ ನಡುವಿಗೆ ಟೇಪ್ ಹಿಡಿಯಿರಿ. ಶಾಫ್ಟಿನ ಜಾರುವ ತುದಿ, ಅಂದರೆ ಸ್ಲಿಪ್, ಪೂರ್ತಿ ಒಳಗೆ ಹೋದ ಜಾಗದಿಂದ ಸುಮಾರು ಒಂದಿಂಚು ಹೊರಗಿರಲಿ, ಹೌಸಿಂಗ್ ಮೇಲೆದ್ದಾಗ ಗೇರ್‌ಬಾಕ್ಸಿಗೆ ಗುದ್ದಬಾರದು. ಹೊಸ ಲೀಫ್ ಸ್ಪ್ರಿಂಗ್ ಹಾಕಿಸಿದ್ದರೆ ಗೊಬ್ಬರದ ಮೂಟೆ ಹೇರಿ ಕೆಲವು ದಿನ ನಿಲ್ಲಿಸಿ, ಸ್ಪ್ರಿಂಗ್ ಕೂತ ಮೇಲೆ ಅಳೆಯಿರಿ. ಟೈರ್ ದೊಡ್ಡದು ಮಾಡಿದರೆ ಈ ಉದ್ದ ಬದಲಾಗುವುದಿಲ್ಲ, ಸ್ಪ್ರಿಂಗ್ ಎತ್ತರಿಸಿದರೆ ಬದಲಾಗುತ್ತದೆ.