ದವಡೆ ಆಪರೇಷನ್ ಆದವರಿಗೆ ನಮ್ಮ ಅಡುಗೆಮನೆಯಿಂದ ಏನು ಕೊಡಬಹುದು?



ಪುಣೆ ದ್ವಿಚಕ್ರ ವಾಹನಗಳ ಊರು. ಗಾಡಿಯಿಂದ ಬಿದ್ದು ದವಡೆ ಮುರಿದುಕೊಂಡವರು, ಗುಟ್ಕಾ ತಂಬಾಕಿನಿಂದ ಬಾಯಿಯ ಆಪರೇಷನ್ ಮಾಡಿಸಿಕೊಂಡವರು ಇಲ್ಲಿ ಕಡಿಮೆಯಿಲ್ಲ. ಸಸೂನ್, ರಾಸ್ತಾ ಪೇಟೆಯ ಕೆ.ಇ.ಎಂ., ಎರಂಡವಣೆಯ ದೀನಾನಾಥ ಮಂಗೇಶ್ಕರ್ ಮುಂತಾದ ದೊಡ್ಡ ಆಸ್ಪತ್ರೆಗಳಿಗೆ ಪರ ಊರಿನಿಂದಲೂ ರೋಗಿಗಳು ಬರುತ್ತಾರೆ. ಜೊತೆಗೆ ಬಂದವರಿಗೆ ಅಡುಗೆ ಮಾಡಲು ಮನೆ ಇರುವುದಿಲ್ಲ. ಸ್ಟೀಲ್ ಡಬ್ಬಿ ಹಿಡಿದು ಹತ್ತಿರದ ಉಡುಪಿ ಹೋಟೆಲಿಗೇ ಬರುತ್ತಾರೆ. "ಮಊ ಭಾತ್ ಇದೆಯಾ? ಪೇಜ್ ಸಿಗುತ್ತದಾ?" ಎಂದು ಗಲ್ಲೆಯಲ್ಲಿ ಕೇಳುತ್ತಾರೆ. ನಾವು ಸಾಮಾನ್ಯವಾಗಿ ತಿಳಿಸಾರು, ಗಂಜಿತಿಳಿ ಕೊಟ್ಟು ಕಳುಹಿಸುತ್ತೇವೆ. ಅದರಿಂದ ಹೊಟ್ಟೆ ತುಂಬುತ್ತದೆ, ಮೈಗೆ ಶಕ್ತಿ ಬರುವುದಿಲ್ಲ.

ಮುರಿದ ದವಡೆ ಕೂಡಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಕೆಲವರಿಗೆ ಮೇಲಿನ ಮತ್ತು ಕೆಳಗಿನ ಹಲ್ಲುಗಳನ್ನು ತಂತಿಯಿಂದ ಕಟ್ಟಿರುತ್ತಾರೆ, ಬಾಯಿ ತೆರೆಯಲು ಆಗುವುದೇ ಇಲ್ಲ. ಮೂಳೆ ಕೂಡಲು, ಗಾಯ ಮಾಯಲು ಪ್ರೊಟೀನು ಹೆಚ್ಚು ಬೇಕಾದ ಕಾಲದಲ್ಲೇ ಊಟ ಕಡಿಮೆಯಾಗಿ ರೋಗಿ ಸೊರಗುತ್ತಾನೆ. 60 ಕಿಲೋ ತೂಕದ ಆರೋಗ್ಯವಂತನಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೊಟೀನು ಸಾಕು. ಆಪರೇಷನ್ ಆದವನಿಗೆ 70ರಿಂದ 90 ಗ್ರಾಂ ಬೇಕಾಗಬಹುದು.

ಒಂದು ಲೋಟದ ಲೆಕ್ಕ

25 ಗ್ರಾಂ ಅಕ್ಕಿಯಿಂದ ಮಾಡಿದ ಒಂದು ದೊಡ್ಡ ಲೋಟ ತೆಳು ಗಂಜಿಯಲ್ಲಿ ಸುಮಾರು 85 ಕ್ಯಾಲೊರಿ, 2 ಗ್ರಾಂನಷ್ಟೂ ಪ್ರೊಟೀನು ಇಲ್ಲ. ಅದೇ ಅಕ್ಕಿಗೆ 25 ಗ್ರಾಂ ಹೆಸರುಬೇಳೆ ಸೇರಿಸಿ ಮೆತ್ತಗೆ ಬೇಯಿಸಿ, ಮಿಕ್ಸಿಯಲ್ಲಿ ನುಣ್ಣಗೆ ಮಾಡಿ, 15 ಗ್ರಾಂ ಕೆನೆರಹಿತ ಹಾಲಿನ ಪುಡಿ ಮತ್ತು ಒಂದು ಚಮಚ ತುಪ್ಪ ಹಾಕಿದರೆ 270 ಕ್ಯಾಲೊರಿ, 13 ಗ್ರಾಂ ಪ್ರೊಟೀನು. ಗಟ್ಟಿಯಾದರೆ ನೀರಿನ ಬದಲು ಬಿಸಿ ಹಾಲು ಹಾಕಿ ತೆಳ್ಳಗೆ ಮಾಡಬೇಕು. ನಮಗೆ ತಗಲುವ ಹೆಚ್ಚಿನ ಖರ್ಚು ಕೆಲವೇ ರೂಪಾಯಿ.

ಮೂರು ಹಂತದ ಊಟ

1. ಬರೀ ದ್ರವ: ದವಡೆ ಕಟ್ಟಿದವರಿಗೆ. ಮೇಲಿನ ಗಂಜಿ, ಸೋಸಿದ ತೊವ್ವೆ, ರಾಗಿ ಹಿಟ್ಟನ್ನು ಹಾಲಿನಲ್ಲಿ ಕುದಿಸಿದ ಮಾಲ್ಟ್, ತೆಂಗಿನ ಹಾಲು ಹಾಕಿ ನುಣ್ಣಗೆ ರುಬ್ಬಿದ ಹೆಸರುಬೇಳೆ ಪಾಯಸ, ಪನೀರ್ ರುಬ್ಬಿ ಸೇರಿಸಿದ ಪಾಲಕ್ ಸೂಪ್, ಸಿಹಿ ಲಸ್ಸಿ. ಇಲ್ಲಿಯವರು ನಾಚಣಿ ಎನ್ನುವ ನಮ್ಮ ರಾಗಿಯ 100 ಗ್ರಾಂನಲ್ಲಿ 340 ಮಿಲಿಗ್ರಾಂನಷ್ಟು ಸುಣ್ಣದ ಅಂಶವಿದೆ. ಮೊಟ್ಟೆ ತಿನ್ನುವವರಿಗೆ ಚೆನ್ನಾಗಿ ಬೇಯಿಸಿದ ಮೊಟ್ಟೆಯನ್ನು ಸೂಪಿನಲ್ಲಿ ರುಬ್ಬಿ ಕೊಡಬಹುದು. ಹಸಿ ಮೊಟ್ಟೆ ಬೇಡ.

2. ಅಗಿಯದೆ ನುಂಗುವಂಥದ್ದು: ವೈದ್ಯರು ಚಮಚದಲ್ಲಿ ತಿನ್ನಲು ಹೇಳಿದ ಮೇಲೆ. ರಾಗಿ ಮಣ್ಣಿ, ಕಿವುಚಿದ ಮೊಸರನ್ನ, ಗೋಡಂಬಿ ದ್ರಾಕ್ಷಿ ಇಲ್ಲದ ಸಡಿಲ ಶಿರಾ, ಕಿವುಚಿದ ಬಾಳೆಹಣ್ಣು.

3. ಮೆತ್ತನೆಯದು: ಎರಡು ಬೆರಳಿನ ನಡುವೆ ಒತ್ತಿದರೆ ಪುಡಿಯಾಗಬೇಕು. ತೊವ್ವೆಯಲ್ಲಿ ನೆನೆಸಿದ ಇಡ್ಲಿ, ತುಪ್ಪ ಹಾಕಿದ ಮೆತ್ತನೆ ಉಪ್ಪಿಟ್ಟು, ಬೇಳೆ ಅನ್ನ. ಗರಿ ದೋಸೆ, ವಡೆ, ಚಪಾತಿಗಳನ್ನು ವೈದ್ಯರು ಹೇಳುವ ತನಕ ಕೊಡಬಾರದು.

ಭಟ್ಟರಿಗೆ ಹೇಳಬೇಕಾದ ಮಾತು

ರೋಗಿಯ ಊಟಕ್ಕೆ ಒಗ್ಗರಣೆ ಬೇಡ. ಸಾಸಿವೆ, ಕರಿಬೇವು, ಮೆಣಸಿನ ಬೀಜ, ಕಾಯಿತುರಿ ತಂತಿಗೆ ಸಿಕ್ಕಿಕೊಂಡರೆ ತೆಗೆಯುವುದು ಕಷ್ಟ. ಹುಳಿ ಖಾರ ಹೊಲಿಗೆಗೆ ಉರಿಯುತ್ತದೆ. ಚಟ್ನಿ ಮಸಾಲೆ ರುಬ್ಬುವ ಜಾರಿನಲ್ಲಿ ರೋಗಿಯ ಗಂಜಿ ರುಬ್ಬಬಾರದು, ಅದಕ್ಕೆ ಬೇರೆ ಜಾರ್ ಇಡಿ. ರುಬ್ಬಿದ್ದನ್ನು ಸಣ್ಣ ಜರಡಿಯಲ್ಲಿ ಸೋಸಿ, ಮತ್ತೆ ಒಂದು ಕುದಿ ಬರಿಸಿ.

ಬಿಸಿಯ ವಿಷಯ ಮುಖ್ಯ. ಆಪರೇಷನ್ ನಂತರ ಎಷ್ಟೋ ಜನರಿಗೆ ತುಟಿ, ಗಲ್ಲ ಜೋಮು ಹಿಡಿದಿರುತ್ತದೆ. ಬಾಯಿ ಸುಟ್ಟರೂ ಗೊತ್ತಾಗುವುದಿಲ್ಲ. ನಾವು ಬಿಸಿಬಿಸಿಯಾಗಿಯೇ ತುಂಬಿಸಿ ಕೊಟ್ಟರೂ, ಕೈಗೆ ಹಾಕಿ ನೋಡಿ ಉಗುರು ಬೆಚ್ಚಗಾದ ಮೇಲೆ ಕುಡಿಸಿ ಎಂದು ಹೇಳಿ ಕಳುಹಿಸಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಬಿಸಿ ಗಂಜಿ ಕೊಡಲೇಬೇಡಿ. ಅವರ ಡಬ್ಬಿ ಅಥವಾ ಥರ್ಮಾಸಿಗೆ ಹಾಕಿ. ತಣಿದ ಊಟವನ್ನು ಹೊರಗೆ 2 ಗಂಟೆಗಿಂತ ಹೆಚ್ಚು ಇಡಬಾರದೆಂದೂ ತಿಳಿಸಿ.

ಒಂದೇ ಸಲಕ್ಕೆ ಅವರಿಗೆ ಹೆಚ್ಚು ಸೇರುವುದಿಲ್ಲ. ನೆಟ್ಟಗೆ ಕೂತು, ಎರಡು ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ, ದಿನಕ್ಕೆ ಆರೇಳು ಸಲ ತೆಗೆದುಕೊಳ್ಳಬೇಕು. ಆದ್ದರಿಂದ ಮಧ್ಯಾಹ್ನ ಅಡುಗೆಮನೆ ಬಿಡುವಾದ ಹೊತ್ತಿನಲ್ಲೂ ಇಂಥ ಒಂದು ಲೋಟ ಸಿಗುವ ವ್ಯವಸ್ಥೆ ಇರಲಿ.

ಗಲ್ಲೆಯಲ್ಲಿ ಕೇಳಬೇಕಾದ ಮೂರು ಪ್ರಶ್ನೆ

1. ದವಡೆ ಕಟ್ಟಿದ್ದಾರೆಯೇ, ಚಮಚದಲ್ಲಿ ತಿನ್ನಬಹುದೇ?
2. ಸ್ಟ್ರಾ ಉಪಯೋಗಿಸಲು ಡಾಕ್ಟರು ಒಪ್ಪಿದ್ದಾರೆಯೇ? ಕೆಲವು ಆಪರೇಷನ್ ನಂತರ ಹೀರುವುದು ಒಳ್ಳೆಯದಲ್ಲ. ಅಂಥವರಿಗೆ ಲೋಟ ಇಲ್ಲವೇ ಸಿರಿಂಜಿನಲ್ಲಿ ಕುಡಿಸುತ್ತಾರೆ.
3. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇದೆಯೇ? ಇದ್ದರೆ ಸಕ್ಕರೆ, ಉಪ್ಪು, ಬೇಳೆ ಎಷ್ಟು ಎಂಬುದು ವೈದ್ಯರ ಮಾತಿನಂತೆ.

ನಾವು ಡಾಕ್ಟರುಗಳಲ್ಲ. "ಇದು ರೋಗಿಗಳ ಔಷಧಿ ಊಟ" ಎಂದು ಬೋರ್ಡ್ ಹಾಕುವುದೂ ಸರಿಯಲ್ಲ. ಆದರೆ ಬೇಳೆ, ಹಾಲು, ರಾಗಿ, ತುಪ್ಪ, ಮಿಕ್ಸಿ ಎಲ್ಲವೂ ನಮ್ಮಲ್ಲಿ ದಿನವೂ ಇವೆ. ಗಂಜಿ ಕೇಳಿದವರಿಗೆ ನೀರು ಹೆಚ್ಚಿಸುವ ಬದಲು ಒಂದು ಹಿಡಿ ಬೇಳೆ ಹೆಚ್ಚಿಸಿದರೆ ಸಾಕು. ನಾಳೆಯೇ ನಿಮ್ಮ ಭಟ್ಟರನ್ನು ಕರೆದು ಒಂದು ಲೋಟ ಮಾಡಿಸಿ, ಮೊದಲು ನೀವೇ ಕುಡಿದು ನೋಡಿ.